ಡೊರೀನ್ ಕಾಂಗಾಸ್ ಮತ್ತೆ ಕೂರಿಸಿದ ಹೀಟರು

ಜನವರಿಯ ಎರಡನೆಯ ವಾರ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿತ್ತು. ಡೊರೀನ್ ಕಾಂಗಾಸ್ ಅಡುಗೆಮನೆಯ ಮೇಜಿನ ಮುಂದೆ ಕೂತು ಎಡಗೈಯಿಂದ ಬಲಗೈಯನ್ನು ಎತ್ತಿ ಕೋಟಿನ ತೋಳಿನೊಳಗೆ ತೂರಿಸುತ್ತಿದ್ದಳು. ಬಲಭುಜ ಎರಡು ವರ್ಷದಿಂದ ಅವಳ ಮಾತು ಕೇಳುತ್ತಿರಲಿಲ್ಲ. ಕೋಟು ಹಾಕಿಕೊಳ್ಳಲು ಐದು ನಿಮಿಷ, ಬೂಟಿಗೆ ಇನ್ನೈದು. ಅರವತ್ತೊಂದನೆಯ ವಯಸ್ಸಿನಲ್ಲಿ ದಿನದ ಮೊದಲ ಕೆಲಸವೇ ಬಟ್ಟೆ ತೊಡುವುದಾಗಿಬಿಟ್ಟಿತ್ತು. ಒಂದು ಬೂಟು ಹಾಕಿ ಇನ್ನೊಂದಕ್ಕೆ ಬಗ್ಗುವಷ್ಟರಲ್ಲಿ ಫೋನು ಬಡಿಯಿತು.

"ಹೀಟರ್ ಕೆಲ್ಸ ಮಾಡೋ ಡೊರೀನಾ?"

ಇಪ್ಪತ್ತೊಂಬತ್ತು ವರ್ಷ ಕಳೆದಿದ್ದರೂ ಆ ದನಿ ಯಾರದೆಂದು ಅವಳು ಕೇಳಬೇಕಾಗಿರಲಿಲ್ಲ.

"ನಾನೇ ಲೂಯಿ, ಹೇಳಿ."

"ಗುರುತು ಹಿಡ್ದುಬಿಟ್ಯಲ್ಲ."

"ಆ ಗಿರಣಿ ಸದ್ದಿನಲ್ಲೂ ಕೇಳಿಸ್ತಿದ್ದ ಗಂಟಲು ನಿಮ್ದು. ಏನಾಗ್ಬೇಕಿತ್ತು?"

"ಗ್ಯಾರೇಜಿಗೆ ಗ್ಯಾಸ್ ಹೀಟರ್ ಹಾಕ್ಸಿದೀನಿ. ಇಪ್ಪತ್ತು ನಿಮಿಷ ಉರಿಯುತ್ತೆ, ಆರಿಹೋಗುತ್ತೆ. ಬಟನ್ ಒತ್ತಿದ್ರೆ ಮತ್ತೆ ಇಪ್ಪತ್ತು ನಿಮಿಷ. ಯಾವ್ದೋ ವೈರು ಸಡಿಲ ಆಗಿರ್ಬೇಕು. ಬಂದು ನೋಡಿಹೋಗು, ಹತ್ತು ನಿಮಿಷದ ಕೆಲ್ಸ."

"ಯಾರು ಕೂರಿಸಿದ್ದು?"

"ಅದೆಲ್ಲ ಯಾಕೀಗ? ಬರ್ತೀಯೋ ಇಲ್ವೋ?"

ಅವಳಿಗೆ ಆ ದಿನ ಆಗಲೇ ಮೂರು ಮನೆಗಳಿದ್ದವು. ಇಲ್ಲ ಅಂದುಬಿಡಬಹುದಿತ್ತು. ಆದರೆ ಇಂಥ ಚಳಿಯಲ್ಲಿ ಉರಿ ನಿಲ್ಲುತ್ತಿಲ್ಲ ಎಂದವರಿಗೆ ಇಲ್ಲ ಅನ್ನುವ ಅಭ್ಯಾಸವನ್ನು ಇಪ್ಪತ್ತೆಂಟು ವರ್ಷದಲ್ಲಿ ಅವಳು ಮಾಡಿಕೊಂಡಿರಲಿಲ್ಲ. "ಮಧ್ಯಾಹ್ನ ಬರ್ತೀನಿ" ಎಂದಳು. ಫೋನಿಟ್ಟ ಮೇಲೆ ತನ್ನ ಮೇಲೇ ಬೇಸರವಾಯಿತು.

ಲೂಯಿ ಸ್ಟರ್ಲೆಯನ್ನು ಅವಳು ಮೊದಲು ಕಂಡದ್ದು ೧೯೭೬ರಲ್ಲಿ. ಮೆಸಾಬಿ ಎಂಬ ಆ ಸೀಮೆಯ ಕಬ್ಬಿಣದ ಗಣಿಗಳಲ್ಲಿ ಹೆಂಗಸರನ್ನೂ ಕೆಲಸಕ್ಕೆ ತೆಗೆದುಕೊಳ್ಳತೊಡಗಿದ ಹೊಸದು. ಅವಳಿಗೆ ಇಪ್ಪತ್ತಾರು, ಕಂಕುಳಲ್ಲಿ ಒಂದು ಕೂಸು, ಕೈ ಹಿಡಿದು ನಡೆಯುವುದೊಂದು. ಲೂಯಿ ಅದಿರು ಅರೆಯುವ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ. ಹೆಂಗಸರು ಗಿರಣಿಗೆ ಬರುವುದು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ಅದನ್ನು ಬಚ್ಚಿಡುವ ಗೋಜಿಗೂ ಅವನು ಹೋಗಲಿಲ್ಲ. ಮೊದಲ ದಿನವೇ ಅವಳ ಕೈಗೊಂದು ಸಲಿಕೆ ಕೊಟ್ಟು ಅದಿರು ಸಾಗಿಸುವ ಪಟ್ಟಿಯ ಕೆಳಗಿನ ಸುರಂಗಕ್ಕೆ ಇಳಿಸಿದ. ಮೇಲಿಂದ ಸೋರಿಬಿದ್ದ ಒದ್ದೆ ಅದಿರನ್ನು ಬಾಚಿ ಮತ್ತೆ ಪಟ್ಟಿಗೆ ಎಸೆಯಬೇಕು. ಎಸೆದಷ್ಟೂ ಸೋರುತ್ತಿತ್ತು. ಆ ಜಾಗದಲ್ಲಿ ಗಂಡಸರನ್ನು ಒಂದು ವಾರಕ್ಕಿಂತ ಹೆಚ್ಚು ಇಡುತ್ತಿರಲಿಲ್ಲ. ಅವಳನ್ನು ಹದಿನಾಲ್ಕು ತಿಂಗಳು ಬದಲಿಸಲಿಲ್ಲ. ದಿನಕ್ಕೊಮ್ಮೆ ಬಗ್ಗಿ ಇಣುಕಿ, "ಏನು ಹುಡುಗಿ, ಇನ್ನೂ ಇದೀಯಾ?" ಎಂದು ಕೇಳಿ ಹೋಗುತ್ತಿದ್ದ.

೧೯೮೨ರಲ್ಲಿ ಉಕ್ಕಿಗೆ ಗಿರಾಕಿಯಿಲ್ಲದೆ ಗಣಿಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಕೊನೆಯಲ್ಲಿ ಬಂದವರು ಮೊದಲು ಮನೆಗೆ ಹೋದರು, ಅವರಲ್ಲಿ ಡೊರೀನೂ ಒಬ್ಬಳು. ಗಂಡ ಡೇಲ್ ಎಣ್ಣೆಬಾವಿಗಳಲ್ಲಿ ಕೆಲಸ ಹುಡುಕಿಕೊಂಡು ವಯೋಮಿಂಗಿಗೆ ಹೋದ. ಮೊದಲು ವಾರಕ್ಕೊಂದು ಫೋನು, ಆಮೇಲೆ ತಿಂಗಳಿಗೊಂದು, ಆಮೇಲೆ ಕ್ರಿಸ್‌ಮಸ್ಸಿಗೊಂದು ಕಾರ್ಡು, ಆಮೇಲೆ ಅದೂ ಇಲ್ಲ. ಡೊರೀನ್ ಅಳುತ್ತ ಕೂರಲಿಲ್ಲ ಎಂದು ಊರಿನವರು ಹೇಳುತ್ತಾರೆ. ಅವಳನ್ನು ಕೇಳಿದರೆ, ಅಳುವುದಕ್ಕೆ ಪುರುಸೊತ್ತು ಇರಲಿಲ್ಲ ಅನ್ನುತ್ತಾಳೆ. ಊರಿನ ತಾಂತ್ರಿಕ ಶಾಲೆಯಲ್ಲಿ ಒಲೆ, ಹೀಟರುಗಳ ಕೆಲಸ ಕಲಿಸುವ ತರಗತಿಗೆ ಸೇರಿದಳು. ಹದಿನಾಲ್ಕು ಗಂಡಸರು, ಅವಳೊಬ್ಬಳು. ಲೈಸೆನ್ಸ್ ಸಿಕ್ಕ ಮೊದಲ ಚಳಿಗಾಲದಲ್ಲಿ ಬಾಗಿಲು ತೆರೆದವರೆಲ್ಲ ಅವಳ ಬೆನ್ನ ಹಿಂದೆ ಕತ್ತು ಚಾಚಿ, "ಕೆಲ್ಸದೋನು ಎಲ್ಲಿ?" ಎಂದು ಕೇಳುತ್ತಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕೇಳುವುದು ನಿಂತಿತು. ಊರಿನ ಅರ್ಧ ಮನೆಗಳ ನೆಲಮಾಳಿಗೆಯಲ್ಲಿ ಅವಳು ಅಂಗಾತ ಮಲಗಿ ಕೊಳವೆ ತಿರುಗಿಸಿದ್ದಳು. ಇಬ್ಬರು ಹೆಣ್ಣುಮಕ್ಕಳು ಓದಿ, ಮದುವೆಯಾಗಿ, ಇದೇ ಊರಿನಲ್ಲೇ ನೆಲೆನಿಂತಿದ್ದರು. ದೊಡ್ಡವಳು ಆಸ್ಪತ್ರೆಯಲ್ಲಿ ನರ್ಸು. ಭುಜದ ಆಪರೇಷನ್ ಮಾಡಿಸಿಕೋ ಎಂದು ಎರಡು ವರ್ಷದಿಂದ ತಾಯಿಯ ಬೆನ್ನು ಹತ್ತಿದ್ದಳು. ಚಳಿಗಾಲ ಮುಗೀಲಿ ಅನ್ನುತ್ತಿದ್ದಳು ಡೊರೀನ್. ಆ ಊರಿನಲ್ಲಿ ಚಳಿಗಾಲ ಮುಗಿಯುವುದೇ ಇಲ್ಲ.

ಸ್ಟರ್ಲೆಯವರ ಮನೆ ಊರಿನ ಹಳೆಯ ಗಣಿಗುಂಡಿಯ ಪಕ್ಕದ ಬೀದಿಯಲ್ಲಿತ್ತು. ಮನೆಗೆ ಅಂಟಿಕೊಂಡಂತೆ ಒಂದು ಕಾರಿನ ಗ್ಯಾರೇಜು, ಅಡುಗೆಮನೆಯಿಂದ ಅದಕ್ಕೊಂದು ಬಾಗಿಲು. ಕಾರು ಹೊರಗೆ ಹಿಮದಲ್ಲಿ ನಿಂತಿತ್ತು. ಒಳಗೆ ಹಲಗೆಯ ಮೇಜಿನ ಮೇಲೆ ಎದೆಗೆ ತೂಗುಹಾಕಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ನಾಲ್ಕು ಅಕಾರ್ಡಿಯನ್ನುಗಳು ಹೊಟ್ಟೆ ಬಗಿದುಕೊಂಡು ಬಿದ್ದಿದ್ದವು. ಲೂಯಿ ಗಣಿಯಿಂದ ನಿವೃತ್ತನಾದ ಮೇಲೆ ಅವುಗಳ ರಿಪೇರಿ ಹಿಡಿದಿದ್ದ. ಸ್ವರ ಹೊರಡಿಸುವ ರೀಡುಗಳನ್ನು ಜೇನುಮೇಣದಲ್ಲಿ ಕೂರಿಸಬೇಕು. ಗ್ಯಾರೇಜಿನ ಚಳಿಗೆ ಮೇಣ ಗಾಜಿನಂತೆ ಒಡೆಯುತ್ತಿತ್ತು. ಮನೆಯೊಳಗೆ ತಂದರೆ ಹೆಂಡತಿ ಜೋಸಿ, "ಒಂದು ರೀಡನ್ನ ನೂರು ಸಲ ಕುಂಯ್ ಅನ್ಸಿದ್ರೆ ನಾನು ಹೊರಗೆ ಹೋಗಿ ಹಿಮದಲ್ಲಿ ಕೂತ್ಕೋತೀನಿ" ಎಂದಿದ್ದಳು. ಅದಕ್ಕೇ ಈ ಹೀಟರು.

ಎಂಬತ್ತೆರಡರ ಲೂಯಿ ಕುಗ್ಗಿದ್ದ. ಆದರೂ ದವಡೆ ಮೊದಲಿನ ಹಾಗೇ ಮುಂದೆ ಬಂದಿತ್ತು.

"ಏನು ಹುಡುಗಿ, ಇನ್ನೂ ಇದೀಯಾ?" ಎಂದ.

ಅವಳು ಸುತ್ತ ಕಣ್ಣಾಡಿಸಿದಳು. ಹೀಟರು ಮೂಲೆಯಲ್ಲಿ ಎದೆಯೆತ್ತರಕ್ಕೆ ಎರಡು ತಗಡಿನ ಪಟ್ಟಿಗಳಿಂದ ಜೋತುಬಿದ್ದಿತ್ತು. ಅದಕ್ಕೆ ತಾಗಿದಂತೆ ಕಪಾಟು, ಕಪಾಟಿನಲ್ಲಿ ವಾರ್ನಿಶ್ ಡಬ್ಬಗಳು. ಹೊಗೆ ಹೋಗುವ ಬಾಯಿಗೆ ಯಾರೋ ಬಟ್ಟೆ ಒಣಗಿಸುವ ಯಂತ್ರದ ಬೆಳ್ಳಿಬಣ್ಣದ ಸುಕ್ಕುಗೊಳವೆ ಸಿಕ್ಕಿಸಿ, ಟೇಪು ಸುತ್ತಿ, ಮೇಲ್ಛಾವಣಿಯ ಹಲಗೆಗೊಂದು ತೂತು ಕೊರೆದು ಅಟ್ಟಕ್ಕೆ ತೂರಿಸಿದ್ದರು. ಟೇಪು ಕಾದು ಕಂದಿ ಸುಲಿದುಬಂದಿತ್ತು.

"ಯಾರ ಕೈಕೆಲ್ಸ?"

"ನಮ್ಮ ರಿಕ್ ಮಾಡ್ಕೊಟ್ಟ, ನನ್ನ ತಂಗಿ ಮಗ. ಒಂದೇ ಮಧ್ಯಾಹ್ನದಲ್ಲಿ. ಅವ್ನಿಗೆ ಕೈಗುಣ ಇದೆ."

"ಇದು ಮೇಲೆ ಎಲ್ಲಿಗೆ ಹೋಗುತ್ತೆ?"

"ಮೇಲಕ್ಕೆ. ಹೊಗೆ ಮೇಲಕ್ಕೇ ಹೋಗೋದು ತಾನೆ?"

ಡೊರೀನ್ ಏಣಿ ತಂದು ಅಟ್ಟದ ಮುಚ್ಚಳ ಸರಿಸಿ ತಲೆ ತೂರಿಸಿದಳು. ಟಾರ್ಚಿನ ಬೆಳಕಿನಲ್ಲಿ ಸುಕ್ಕುಗೊಳವೆ ಹತ್ತಿಯಂಥ ಹೊದಿಕೆಯ ಮೇಲೆ ಸತ್ತ ಹಾವಿನಂತೆ ಬಿದ್ದಿತ್ತು. ಅದರ ಬಾಯಿ ಎಲ್ಲಿಯೂ ಹೊರಗೆ ಹೋಗಿರಲಿಲ್ಲ. ಸುತ್ತಲ ತೊಲೆಗಳ ಮೇಲೆ ಹೊಗೆಯ ನೀರಾವಿ ಹೆಪ್ಪುಗಟ್ಟಿ ಬೆಳ್ಳಗೆ ಮಿನುಗುತ್ತಿತ್ತು. ಗ್ಯಾರೇಜಿಗೂ ಅಡುಗೆಮನೆಗೂ ನಡುವಿನ ಗೋಡೆ ಅಟ್ಟದವರೆಗೆ ಬಂದೇ ಇರಲಿಲ್ಲ. ಎರಡಕ್ಕೂ ಒಂದೇ ಅಟ್ಟ.

ಅವಳು ಇಳಿದುಬಂದು ಸೊಂಟದ ಚೀಲದಿಂದ ಮೀಟರು ತೆಗೆದಳು. ವಿಷಗಾಳಿ ಎಷ್ಟಿದೆಯೆಂದು ಅಳೆಯುವ, ಅಂಗೈ ಅಗಲದ ಹಳದಿ ಪೆಟ್ಟಿಗೆ. ಲೂಯಿ ಬಟನ್ ಒತ್ತಿದ. ಹೀಟರು ಭುಸ್ಸೆಂದು ಹೊತ್ತಿಕೊಂಡಿತು. ಹತ್ತು ನಿಮಿಷ ಇಬ್ಬರೂ ಮೀಟರನ್ನೇ ನೋಡುತ್ತ ನಿಂತರು. ಮೀಟರಿನ ಅಂಕಿ ಹತ್ತು, ಮೂವತ್ತು, ಅರವತ್ತು ದಾಟಿ ನೂರಹತ್ತಕ್ಕೆ ಬಂದಾಗ ಅದು ಕಿರುಚತೊಡಗಿತು.

"ಆ ಪೀಪಿ ನಿಲ್ಲಿಸು" ಎಂದ ಲೂಯಿ. "ಉರಿ ಆರದಿರೋಕೆ ಏನು ಮಾಡ್ಬೇಕು ಅದನ್ನ ಹೇಳು. ರಿಕ್ ಹೇಳ್ತಿದ್ದ, ಅಲ್ಲೊಂದು ಸ್ವಿಚ್ಚಿದೆಯಂತೆ, ಅದರ ಎರಡೂ ತುದಿಗೆ ಒಂದು ತಂತಿ ಸುತ್ತಿಬಿಟ್ರೆ ಆಯ್ತಂತೆ."

"ಆ ಸ್ವಿಚ್ಚು ಹೊಗೆ ವಾಪಸ್ ಬಂದಾಗ ಉರಿ ಆರ್ಸೋಕೇ ಇರೋದು ಲೂಯಿ. ಈ ಗ್ಯಾರೇಜಲ್ಲಿ ನೆಟ್ಟಗೆ ಕೆಲ್ಸ ಮಾಡ್ತಿರೋದು ಅದೊಂದೇ. ದಿನಕ್ಕೆ ಎಷ್ಟು ಸಲ ಬಟನ್ ಒತ್ತುತೀರಿ?"

"ಹತ್ತೋ ಹನ್ನೆರಡೋ. ಎಣಿಸಿದೋರು ಯಾರು?"

ಅವಳು ಅಡುಗೆಮನೆಯ ಬಾಗಿಲು ತೆರೆದು ಒಳಗೆ ಹೋದಳು.

ಜೋಸಿ ಒಲೆಯ ಮೇಲೆ ಎಲೆಕೋಸು ಬೇಯಲಿಟ್ಟು, ಹಬೆ ಎಳೆಯುವ ಫ್ಯಾನು ಜೋರಾಗಿ ಹಾಕಿ, ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಫ್ಯಾನು ಮನೆಯ ಗಾಳಿಯನ್ನು ಹೊರಗೆ ದಬ್ಬುತ್ತಿತ್ತು, ಆ ತೆರವು ತುಂಬಲು ಗ್ಯಾರೇಜಿನಿಂದಲೂ ಅಟ್ಟದಿಂದಲೂ ಗಾಳಿ ಒಳಗೆ ನುಗ್ಗುತ್ತಿತ್ತು. ಸೊನ್ನೆ ಇರಬೇಕಾದಲ್ಲಿ ಡೊರೀನಳ ಕೈಯ ಮೀಟರು ನಲವತ್ತೈದು ತೋರಿಸಿತು.

"ತಲೆನೋವಾ ಜೋಸಿ?"

"ಬಿಡ್ತಾನೇ ಇಲ್ಲ ಕಣಮ್ಮ, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಹಿಡ್ಕೊಂಡಿದೆ. ಹೊಟ್ಟೆ ತೊಳಸುತ್ತೆ. ಡಾಕ್ಟ್ರು ವಯಸ್ಸಾಯ್ತು ಅಂದ್ರು. ಭಾನುವಾರ ಚರ್ಚಿಗೆ ಹೋದಾಗ ಮಾತ್ರ ಮಾಯ ಆಗುತ್ತೆ ನೋಡು. ಮೇರಿತಾಯಿ ದಯೆ ಅಂದ್ಕೊಂಡಿದೀನಿ."

"ಹೀಟರ್ ಯಾವಾಗ ಹಾಕ್ಸಿದ್ದು?"

ಜೋಸಿ ಹಣೆಯ ಬಟ್ಟೆ ಸರಿಸಿ ಅವಳನ್ನೇ ನೋಡಿದಳು. "ಥ್ಯಾಂಕ್ಸ್‌ಗಿವಿಂಗ್ ವಾರದಲ್ಲೇ" ಎಂದಳು ಆಮೇಲೆ.

ಡೊರೀನ್ ಕಿಟಕಿ ತೆರೆದಳು. ಜೋಸಿಯ ಕೋಟು ಹುಡುಕಿ ಹೊದಿಸಿ, ಕೈಹಿಡಿದು ಹೊರಗೆ ಕರೆದೊಯ್ದು ತನ್ನ ವ್ಯಾನಿನಲ್ಲಿ ಕೂರಿಸಿ ಎಂಜಿನ್ ಚಾಲೂ ಮಾಡಿದಳು. ಆಸ್ಪತ್ರೆಯಲ್ಲಿದ್ದ ತನ್ನ ಮಗಳಿಗೆ ಫೋನು ಮಾಡಿ, ಇಬ್ಬರನ್ನು ಕರೆತರುತ್ತಿದ್ದೇನೆ, ರಕ್ತ ಪರೀಕ್ಷೆ ಮಾಡಿಸು ಎಂದಳು. ವಾಪಸ್ ಬಂದು ಗ್ಯಾಸು ನಿಲ್ಲಿಸುವ ಕೀಲಿ ತಿರುಗಿಸಿ, ಕೊಳವೆ ಬಿಚ್ಚಿ, ಅದರ ಬಾಯಿಗೆ ಮುಚ್ಚಳ ಬಿಗಿದು, ಹೀಟರಿಗೆ ಉರಿಸಬಾರದೆಂಬ ಕೆಂಪು ಚೀಟಿ ಕಟ್ಟಿದಳು. ಲೂಯಿ ಮುಖ ಕೆಂಪಗೆ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನಿನ್ನ ಕರ್ಸಿದ್ದು ಸರಿ ಮಾಡೋಕೆ. ಕಿತ್ತುಹಾಕೋಕಲ್ಲ."

"ಗೊತ್ತು."

"ನನ್ನ ಮನೆ ಇದು. ಶನಿವಾರಕ್ಕೆ ಆ ನೀಲಿ ಅಕಾರ್ಡಿಯನ್ ರೆಡಿ ಆಗ್ಬೇಕು, ಅದರ ಯಜಮಾನನ ಮಗಳ ಮದುವೆ. ಆಗ್ಲೂ ನೀನು ಹೀಗೇ ಇದ್ದೆ. ಒಂದು ಹೇಳಿದ್ರೆ ಇನ್ನೊಂದು."

ಅವಳಿಗೆ ಜಗಳ ಬೇಕಿರಲಿಲ್ಲ. ಜಗಳಕ್ಕೆ ಬೇಕಾದ ಉಸಿರೂ ಇರಲಿಲ್ಲ. "ಲೂಯಿ," ಎಂದಳು, "ನಿಮ್ಮ ಹೆಂಡತಿಗೆ ಎರಡು ತಿಂಗಳಿಂದ ನೀವೇ ಹೊಗೆ ಕುಡಿಸ್ತಿದೀರಿ. ಬೇಕಂತ ಅಲ್ಲ. ಆದ್ರೆ ಕುಡಿಸ್ತಿದೀರಿ. ಈಗ ಕೋಟು ಹಾಕ್ಕೊಂಡು ವ್ಯಾನ್ ಹತ್ತಿ, ಆಸ್ಪತ್ರೆಗೆ ಬಿಡ್ತೀನಿ ಇಬ್ಬರನ್ನೂ."

ಅವನು ಗೂಟದಿಂದ ಕೋಟು ತೆಗೆದುಕೊಂಡ. ವ್ಯಾನಿನಲ್ಲಿ ಜೋಸಿ ಒಮ್ಮೆ, "ಎಲೆಕೋಸು ಒಲೆ ಮೇಲಿದೆ" ಎಂದಳು. ಅದನ್ನು ಆರಿಸಿದ್ದೇನೆ ಎಂದಳು ಡೊರೀನ್.

ಆಸ್ಪತ್ರೆಯವರು ಜೋಸಿಗೆ ಆಮ್ಲಜನಕ ಕೊಟ್ಟು ಸಂಜೆಯವರೆಗೆ ಇರಿಸಿಕೊಂಡರು; ಆಗಾಗ ಹೊರಗೆ ಓಡಾಡುತ್ತಿದ್ದ ಲೂಯಿಗೆ ಅಷ್ಟು ತಗುಲಿರಲಿಲ್ಲ. ತಡವಾಗಿದ್ದರೆ ಏನಾಗುತ್ತಿತ್ತು ಎಂದು ಡೊರೀನಳ ಮಗಳು ಲೂಯಿಯ ಮುಂದೆ ಸುತ್ತಿಬಳಸದೆ ಹೇಳಿದಳಂತೆ. ಡೊರೀನ್ ಆ ಹೊತ್ತಿಗೆ ಉಳಿದ ಮನೆಗಳಿಗೆ ಹೋಗಿದ್ದಳು. ಎರಡು ಮನೆಗಳ ನಡುವೆ ವ್ಯಾನು ನಿಲ್ಲಿಸಿ, ಊರಿನಲ್ಲಿ ಇದೇ ಕೆಲಸ ಮಾಡುವ ಇನ್ನಿಬ್ಬರಿಗೆ ಫೋನು ಮಾಡಿದಳು. ಸ್ಟರ್ಲೆಯವರ ಗ್ಯಾರೇಜನ್ನು ಅವರಲ್ಲೊಬ್ಬರಿಗೆ ದಾಟಿಸಿ ಕೈತೊಳೆದುಕೊಳ್ಳುವ ಆಸೆ. ಇಬ್ಬರೂ ಎರಡು ವಾರ ಆಗುವುದಿಲ್ಲ ಎಂದರು. ಅವಳು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಒಂದು ನಿಮಿಷ ಕೂತಳು. ಲೂಯಿ ಎರಡು ವಾರ ಕಾಯುವ ಆಸಾಮಿಯಲ್ಲ. ಹೆಂಡತಿಯ ಮುಂದೆ ತಲೆತಗ್ಗಿಸಿ ನಾಲ್ಕು ದಿನ ಇರುತ್ತಾನೆ, ಐದನೆಯ ದಿನ ರಿಕ್‌ನನ್ನು ಕರೆಯುತ್ತಾನೆ. ಕೊನೆಗೆ ಅವಳು, ತಾನೇ ಮಾಡುವುದೆಂದು, ಸಾಮಾನಿನ ಅಂಗಡಿಗೆ ಹೋಗಿ ಎರಡು ಪದರದ ಹೊಗೆಕೊಳವೆ, ಛಾವಣಿಗೆ ಬೇಕಾದ ತಗಡಿನ ಕೊರಳುಪಟ್ಟಿ, ತುದಿಗೊಂದು ಟೋಪಿ ತಂದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ಗ್ಯಾರೇಜಿನ ಬಾಗಿಲು ಎತ್ತಿದಾಗ ಲೂಯಿ ಅಲ್ಲಿರಲಿಲ್ಲ. ಜೋಸಿ ಬಾಗಿಲಿಗೆ ಬಂದಳು; ಹಣೆಯಲ್ಲಿ ಬಟ್ಟೆಯಿರಲಿಲ್ಲ.

"ಒಳಗೆ ಮುಖ ಊದಿಸ್ಕೊಂಡು ಕೂತಿದಾರೆ. ನನ್ನ ಮೇಲಲ್ಲ, ನಿನ್ನ ಮೇಲೂ ಅಲ್ಲ. ತಮ್ಮ ಮೇಲೇ ಕೋಪ ಬಂದ್ರೆ ಅವ್ರಿಗೆ ಹೇಗಿರ್ಬೇಕು ಅಂತ ಗೊತ್ತಾಗಲ್ಲ, ಅಭ್ಯಾಸ ಇಲ್ಲ ನೋಡು."

ಡೊರೀನ್ ನಕ್ಕಳು. ನಕ್ಕಾಗ ಭುಜ ಚುಚ್ಚಿತು.

ಮೊದಲು ಹೀಟರನ್ನು ಮೂಲೆಯಿಂದ ಇಳಿಸಬೇಕಿತ್ತು. ಹೀಟರು ಕೆಟ್ಟಿರಲಿಲ್ಲ, ಅದಿದ್ದ ಜಾಗ ಮತ್ತು ಅದರ ಹೊಗೆದಾರಿ ಕೆಟ್ಟಿದ್ದವು. ಇಳಿಸುವುದೇನೋ ಆಯಿತು. ಸುಕ್ಕುಗೊಳವೆಯನ್ನು ಅಟ್ಟದಿಂದ ಎಳೆದುಹಾಕಿ, ತೂತಿಗೆ ತಗಡು ಬಡಿದು, ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಅಟ್ಟದಲ್ಲಿ ಹಲಗೆಯ ಗೋಡೆ ನಿಲ್ಲಿಸಿದಳು. ಹೊಟ್ಟೆಯ ಮೇಲೆ ತೆವಳಿಕೊಂಡು, ಮೊಳೆಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡು ಗಂಟೆ. 

ಛಾವಣಿಯ ಕೆಲಸ ಅದಕ್ಕಿಂತ ಕಷ್ಟ. ಹಿಮ ಸಲಿಕೆಯಿಂದ ಎಳೆದುಹಾಕಿ, ಎರಡು ತೊಲೆಗಳ ನಡುವೆ ನೇರವಾಗಿ ತೂತು ಕೊರೆದು, ಕೊಳವೆ ಮರಕ್ಕೆ ಎಲ್ಲೂ ತಾಗದಂತೆ ಸುತ್ತ ಬೆರಳಿನಷ್ಟು ಜಾಗ ಬಿಟ್ಟು, ತಗಡಿನ ಕೊರಳುಪಟ್ಟಿ ಕೂರಿಸಬೇಕು. ಗ್ಲೌಸಿನಲ್ಲಿ ಮೊಳೆ ಹಿಡಿಯಲಾಗುವುದಿಲ್ಲ, ಬರಿಗೈಯಲ್ಲಿ ಎರಡು ನಿಮಿಷದ ಮೇಲೆ ಬೆರಳು ಇರುವುದೇ ಗೊತ್ತಾಗುವುದಿಲ್ಲ. ಅವಳು ಒಂದು ಮೊಳೆ ಹೊಡೆದು ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದಳು, ಮತ್ತೆ ಒಂದು ಮೊಳೆ. ಕೆಳಗೆ ಬೀದಿಯಲ್ಲಿ ಹಿಮ ತಳ್ಳುವ ಲಾರಿಯವನು ಗಾಡಿ ನಿಧಾನ ಮಾಡಿ, "ಬಿಸಿಲು ಕಾಯಿಸ್ಕೋತಿದೀಯಾ ಡೊರೀನ್?" ಎಂದು ಕೂಗಿಹೋದ. ಕೈಬೀಸುವುದಕ್ಕೂ ಅವಳಿಗೆ ಭುಜ ಏಳಲಿಲ್ಲ. ಏಣಿ ಇಳಿಯುವಾಗ ಅದು ಅಲುಗಾಡಲಿಲ್ಲವೆಂದು ಕೆಳಗೆ ನೋಡಿದರೆ ಲೂಯಿ ಎರಡೂ ಕೈಯಲ್ಲಿ ಏಣಿ ಅವುಚಿಕೊಂಡು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮೀಸೆಯ ಮೇಲೆ ಮಂಜು ಕಟ್ಟಿತ್ತು.

"ಒಳಗೆ ಹೋಗಿ ಲೂಯಿ, ಎಂಬತ್ತೆರಡು ವರ್ಷ ನಿಮಗೆ."

"ನೀನೇನು ಹದಿನೆಂಟರ ಹುಡುಗೀನಾ?"

ಇನ್ನು ಹೀಟರನ್ನು ಎತ್ತಬೇಕು. ನೆಲದಿಂದ ಎಂಟಡಿ ಮೇಲೆ, ಕಪಾಟಿನಿಂದ ದೂರ, ತೊಲೆಗೆ ಬಿಗಿದ ಎರಡು ಕಬ್ಬಿಣದ ಸರಳುಗಳಿಗೆ. ಹಿಂದೆಲ್ಲ ಅವಳು ಹೀಟರನ್ನು ಹೆಗಲ ಮೇಲಿಟ್ಟುಕೊಂಡು ಏಣಿ ಹತ್ತುತ್ತಿದ್ದಳು. ಈ ಸಲ ಎಡಹೆಗಲಿಗೆ ಇಟ್ಟು ಮೂರು ಮೆಟ್ಟಿಲು ಹತ್ತಿದಳು. ನಾಲ್ಕನೆಯದಕ್ಕೆ ಬಲಗೈ ಏಣಿಯನ್ನು ಬಿಟ್ಟೇಬಿಟ್ಟಿತು, ಯಾರೋ ದಾರ ಕತ್ತರಿಸಿದ ಹಾಗೆ. ಹೇಗೋ ಹಿಂದಕ್ಕೆ ಇಳಿದಳು. ಹೀಟರನ್ನು ನೆಲಕ್ಕಿಟ್ಟು ಗೋಡೆಗೊರಗಿ ಕೂತಳು. ಕಣ್ಣಲ್ಲಿ ನೀರು ಬಂದಿತ್ತು. ನೋವಿಗೋ, ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಎತ್ತಲಾಗದೆ ಇಳಿಸಿದ್ದು ಇದೇ ಮೊದಲು. ಅದೂ ಈ ಮನುಷ್ಯನ ಎದುರಿಗೆ.

ಲೂಯಿ ಮೇಜಿನ ಕೆಳಗಿಂದ ಒಂದು ಗೋಣಿಚೀಲ ಎಳೆದ. ಅದರೊಳಗೆ ಭಾರ ಎತ್ತುವ ಚೈನ್ ಪುಲ್ಲಿ. ಎಣ್ಣೆ ಸವರಿ, ಸರಪಳಿ ನೀಟಾಗಿ ಸುತ್ತಿಟ್ಟಿದ್ದ.

"ಹೆಗಲು ಕೊಟ್ಟು ಎತ್ತೋದು ದಡ್ಡರ ಕೆಲ್ಸ" ಎಂದ. "ಮೇಲಿನ ತೊಲೆಗೆ ಕೊಕ್ಕೆ ಸಿಕ್ಕಿಸು, ಅಷ್ಟು ಸಾಕು. ಉಳಿದದ್ದು ನಾನು ಎಳೀತೀನಿ."

ಅವಳು ಕೊಕ್ಕೆ ಸಿಕ್ಕಿಸಿದಳು. ಅವನು ಹೀಟರಿಗೆ ಪಟ್ಟಿ ಕಟ್ಟಿದ ರೀತಿ ನೋಡಿ ಅವಳಿಗೆ ಆಶ್ಚರ್ಯವಾಯಿತು. ತೂಕ ಎಲ್ಲಿದೆಯೆಂದು ಅಂಗೈಯಿಂದಲೇ ತಡಕಿ, ಗಂಟನ್ನು ಒಂದಿಂಚು ಪಕ್ಕಕ್ಕೆ ಸರಿಸಿ ಬಿಗಿದಿದ್ದ. ಸರಪಳಿ ಎಳೆದ. ಕಟಕಟನೆ ಹೀಟರು ಓಲಾಡದೆ ಮೇಲೆದ್ದಿತು. ಅವಳು ಏಣಿಯ ಮೇಲೆ ನಿಂತು ಎಡಗೈಯಲ್ಲಿ ನಟ್ಟು ತಿರುಗಿಸಿದಳು.

"ಸ್ವಲ್ಪ ಇಳಿಸಿ. ಸಾಕು."

"ಸಮ ಇದೆಯಾ?"

"ಎಡಕ್ಕೆ ಒಂದು ಹಲ್ಲು. ಹಾಂ."

ಲೂಯಿ ಸರಪಳಿ ಹಿಡಿದುಕೊಂಡೇ ಕೇಳಿದ. "ಆ ಸುರಂಗಕ್ಕೆ ನಿನ್ನ ಹಾಕಿದ್ದು ಯಾಕೆ ಅಂತ ಗೊತ್ತಿತ್ತಾ ನಿನಗೆ?"

"ಓಡಿಹೋಗ್ಲಿ ಅಂತ."

"ಹೌದು. ಒಂದು ವಾರ ಅಂದ್ಕೊಂಡಿದ್ದೆ. ಆಮೇಲೆ ಒಂದು ತಿಂಗಳು. ಆಮೇಲೆ ನನ್ನ ಮಾತು ನಾನೇ ನುಂಗೋಕೆ ಆಗ್ದೆ ಹಾಗೇ ಬಿಟ್ಟೆ." ಸರಪಳಿಯನ್ನು ಕೈಗೆ ಇನ್ನೊಂದು ಸುತ್ತು ಹಾಕಿಕೊಂಡ. "ನೀನ್ಯಾಕೆ ಹೋಗ್ಲಿಲ್ಲ?"

"ಎಲ್ಲಿಗೆ ಹೋಗ್ಲಿ ಲೂಯಿ? ಮಕ್ಕಳಿಗೆ ಬೂಟು ಬೇಕಿತ್ತು."

"ಒಂದು ಸಲನಾದ್ರೂ ಬದಲಿಸಿ ಅಂತ ಕೇಳ್ಬಹುದಿತ್ತು."

"ಕೇಳಿದ್ರೆ ಕೊಡ್ತಿದ್ರಾ?"

ಅವನು ಯೋಚಿಸಿದ. "ಇಲ್ಲ" ಎಂದ. ಪ್ರಾಮಾಣಿಕವಾಗಿಯೇ ಹೇಳಿದ. "ನಗ್ತಿದ್ದೆ. ಅದು ತಪ್ಪು. ಈಗ ಹೇಳಿ ಏನು ಪ್ರಯೋಜನ, ಆದ್ರೂ ಹೇಳ್ತಿದೀನಿ."

ಈ ಮಾತನ್ನು ಮೂವತ್ತು ವರ್ಷದ ಹಿಂದೆ ಕೇಳಿದ್ದರೆ ಅವಳಿಗೆ ಏನೇನೋ ಅನಿಸುತ್ತಿತ್ತು. ಅವನ ಮುಖಕ್ಕೆ ಹೇಳಬೇಕೆಂದು ಆ ಸುರಂಗದಲ್ಲಿ ಸಲಿಕೆ ಹಿಡಿದು ಎಷ್ಟು ವಾಕ್ಯಗಳನ್ನು ಕಟ್ಟಿಟ್ಟುಕೊಂಡಿದ್ದಳು. ಈಗ ಹುಡುಕಿದರೆ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಬರೀ ಸುಸ್ತು. "ಆಯ್ತು" ಎಂದಳು. "ಆ ಸ್ಪ್ಯಾನರ್ ಕೊಡಿ."

ಮಧ್ಯಾಹ್ನದ ಊಟಕ್ಕೆ ಜೋಸಿ ಎಲೆಕೋಸಿನಲ್ಲಿ ಸುತ್ತಿದ ಮಾಂಸದ ಕಡುಬು ತಂದಿಟ್ಟಳು. ನಿಂತುಕೊಂಡೇ ತಿಂದರು. ಆಮೇಲೆ ಗ್ಯಾಸಿನ ಕಪ್ಪು ಕೊಳವೆಯನ್ನು ಹೊಸ ಜಾಗಕ್ಕೆ ಎಳೆದದ್ದು, ಕೈಗೆ ಎಟುಕುವಲ್ಲಿ ಒಂದು ಕೀಲಿ, ಕಸ ತಂಗಲೆಂದು ಕೆಳಕ್ಕೊಂದು ಗಿಡ್ಡ ತುಂಡು. ಗ್ಯಾಸು ಬಿಡುವ ಮೊದಲು ಪಂಪಿನಿಂದ ಗಾಳಿ ತುಂಬಿ, ಒತ್ತಡ ತೋರಿಸುವ ಮುಳ್ಳು ಇಳಿಯುವುದೋ ಎಂದು ಹದಿನೈದು ನಿಮಿಷ ಕಾದರು. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದೋ ಎಂದು ನೋಡಿದರು. ಲೂಯಿ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ತಾನೂ ನೋಡಿದ. ಒಂದು ಕಡೆ ಗುಳ್ಳೆ ಎದ್ದಿತು. ಅವನೇ ತೋರಿಸಿದ. ಅವಳು ಬಿಚ್ಚಿ, ಮತ್ತೆ ಬಿಗಿದಳು.

ಮೂರು ಗಂಟೆಗೆ ಹೀಟರು ಹೊತ್ತಿಕೊಂಡಿತು. ಅವಳು ಊದುಬತ್ತಿಯಂಥ ಒಂದು ಹೊಗೆಕಡ್ಡಿ ಹಚ್ಚಿ ಹೀಟರಿನ ಹಿಂಬದಿಗೆ ಹಿಡಿದಳು. ಹೊಗೆಯೆಳೆ ಕೊಳವೆಯ ಕಡೆಗೆ ಬಾಗಿ ಒಳಗೆ ಹೋಯಿತು, ಹೊರಕ್ಕೆ ಒಂದಿಷ್ಟೂ ಬರಲಿಲ್ಲ. ಇನ್ನು ಒಂದು ಗಂಟೆ ಉರಿಯಲು ಬಿಟ್ಟು ಮೀಟರು ನೋಡಬೇಕು; ಅಡುಗೆಮನೆಯ ಫ್ಯಾನು ಜೋರಾಗಿ ಹಾಕಿಯೇ ನೋಡಬೇಕು. ಅವಳು ಬಣ್ಣದ ಡಬ್ಬವೊಂದನ್ನು ಮಗುಚಿಹಾಕಿ, ಗೋಡೆಗೊರಗಿ ಕೂತಳು. ಬಿಸಿಗಾಳಿ ಮೊಣಕಾಲಿಗೆ ತಾಗಿತು, ಆಮೇಲೆ ಎದೆಗೆ. ಬೂಟಿನೊಳಗಿನ ಬೆರಳುಗಳು ಒಂದೊಂದಾಗಿ ಮರಳಿ ಬಂದವು. ಐದು ನಿಮಿಷ ಕಣ್ಣು ಮುಚ್ಚೋಣ ಅಂದುಕೊಂಡಳು.

ಎಚ್ಚರವಾದಾಗ ಐದೂವರೆಯಾಗಿತ್ತು. ಮೈಮೇಲೆ ಜೋಸಿಯ ಹೆಣೆದ ಕಂಬಳಿ. ಬಲಭುಜದ ಕೆಳಗೆ ಯಾರೋ ದಿಂಬು ತೂರಿಸಿದ್ದರು. ಲೂಯಿ ಮೇಜಿನ ದೀಪದ ಕೆಳಗೆ ನೀಲಿ ಅಕಾರ್ಡಿಯನ್ನಿನ ರೀಡುಗಳಿಗೆ ಮೇಣ ಹೊಯ್ಯುತ್ತಿದ್ದ, ಸದ್ದಿಲ್ಲದೆ. ಸ್ವರ ಸರಿಯಿದೆಯೇ ಎಂದು ಊದಿ ನೋಡದೆ ಹತ್ತಾರು ರೀಡುಗಳನ್ನು ಸಾಲಾಗಿ ಕೂರಿಸಿಟ್ಟಿದ್ದ. ಊದಿದ್ದರೆ ಅವಳಿಗೆ ಎಚ್ಚರವಾಗುತ್ತಿತ್ತು.

"ಮೀಟರು," ಎಂದಳು ಗಾಬರಿಯಿಂದ.

"ಅರ್ಧ ಗಂಟೆಗೊಂದು ಸಲ ನೋಡಿದೀನಿ. ಇಲ್ಲಿ ಸೊನ್ನೆ. ಜೋಸಿ ಅಡುಗೆಮನೇಲಿ ನೋಡಿದ್ಲು, ಅಲ್ಲೂ ಸೊನ್ನೆ. ಫ್ಯಾನ್ ಹಾಕಿದ್ರೂ ಸೊನ್ನೆ. ಬರ್ದಿಟ್ಟಿದೀನಿ ನೋಡು." ಒಂದು ರಟ್ಟಿನ ತುಂಡು ಮುಂದೆ ಚಾಚಿದ. ಮೇಸ್ತ್ರಿಯ ಅಚ್ಚುಕಟ್ಟಾದ ಅಕ್ಷರದಲ್ಲಿ ಗಂಟೆ, ಜಾಗ, ಅಂಕಿ. ಅವಳು ತಾನೇ ಎದ್ದು ಮತ್ತೊಮ್ಮೆ ಎರಡೂ ಕಡೆ ನೋಡಿ, ಆಮೇಲೆ ಕೆಂಪು ಚೀಟಿ ಹರಿದು ಕಿಸೆಗೆ ಹಾಕಿಕೊಂಡಳು.

ಜೋಸಿಯ ತಲೆನೋವು ವಾರದೊಳಗೆ ಪೂರಾ ಹೋಯಿತು. ನೀಲಿ ಅಕಾರ್ಡಿಯನ್ ಮದುವೆಗೆ ಸರಿಯಾಗಿ ತಲುಪಿತು. ಆದರೆ ಡೊರೀನಳಿಗೆ ನೆಮ್ಮದಿ ಸಿಗಲಿಲ್ಲ, ಯಾಕೆಂದರೆ ಲೂಯಿ ಬಾಯಿ ಬಿಟ್ಟ. ಮದುವೆಯ ಮನೆಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ಕ್ಷೌರದಂಗಡಿಯಲ್ಲಿ ಸಿಕ್ಕವರನ್ನೆಲ್ಲ ತಡೆದು, "ನಿನ್ನ ಗ್ಯಾರೇಜಿನ ಹೊಗೆ ಎಲ್ಲಿಗೆ ಹೋಗುತ್ತೆ? ಮೇಲಕ್ಕೆ ಅನ್ಬೇಡ. ಮೇಲೆ ಎಲ್ಲಿಗೆ?" ಎಂದು ಕೇಳತೊಡಗಿದ. ತಾನೇ ಹೆಂಡತಿಗೆ ಹೊಗೆ ಕುಡಿಸಿದ ಕತೆಯನ್ನು ಏನೂ ಮುಚ್ಚಿಡದೆ ಹೇಳುತ್ತಿದ್ದ. ರಿಕ್ ಅವನನ್ನು ಕಂಡರೆ ಬೀದಿ ದಾಟಿಹೋಗುತ್ತಿದ್ದನಂತೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಡೊರೀನಳ ಫೋನಿಗೆ ಹದಿನೇಳು ಗ್ಯಾರೇಜುಗಳು ಬಂದವು. ಅವಳು ಹಲ್ಲು ಕಚ್ಚಿಕೊಂಡು ಎಲ್ಲಕ್ಕೂ ಹೋದಳು. ಹದಿನಾಲ್ಕು ಸರಿಯಿದ್ದವು, ಮೂರು ಇರಲಿಲ್ಲ. ಆ ಮೂರರಲ್ಲಿ ಒಂದರ ಮೇಲ್ಮನೆಯಲ್ಲಿ ಆರು ತಿಂಗಳ ಕೂಸು ಮಲಗುತ್ತಿತ್ತು. ಆ ದಿನ ಮನೆಗೆ ಬಂದು ಸೌನಾ ಎಂಬ ಉಗಿಮನೆ ಕಾಯಿಸಿ, ಉಗಿಯಲ್ಲಿ ಒಬ್ಬಳೇ ಕೂತು, ಗೊತ್ತಿಲ್ಲದ ಆ ಕೂಸಿಗಾಗಿ ಬಹಳ ಹೊತ್ತು ಅತ್ತಳು.

ಏಪ್ರಿಲಿನಲ್ಲಿ ಭುಜದ ಆಪರೇಷನ್ ಆಯಿತು. ಇನ್ನು ಛಾವಣಿ ಹತ್ತಬಾರದು, ತಲೆಯ ಮೇಲೆ ಭಾರ ಎತ್ತಬಾರದು ಎಂದರು ಡಾಕ್ಟರು. ಅವಳು ವಾದಿಸಲಿಲ್ಲ. ದೊಡ್ಡ ಏಣಿಯನ್ನು ಊರಿನ ಆ ಇನ್ನಿಬ್ಬರು ಹೀಟರ್ ಕೆಲಸದವರಲ್ಲಿ ಚಿಕ್ಕವನಿಗೆ ಕೊಟ್ಟುಬಿಟ್ಟಳು. ಸ್ಟರ್ಲೆ ದಂಪತಿ ನೋಡಲು ಬಂದರು. ಜೋಸಿ ಅಕ್ರೋಟು ಒಳಗಿಟ್ಟು ಸುತ್ತಿದ ಸಿಹಿ ರೊಟ್ಟಿ ತಂದಿದ್ದಳು. ಲೂಯಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತು ಕಿಟಕಿಯ ಹೊರಗೆ ಕರಗುತ್ತಿದ್ದ ಹಿಮವನ್ನು ನೋಡುತ್ತಿದ್ದ.

"ಬರೋ ಚಳಿಗಾಲಕ್ಕೆ ಏನು ಮಾಡ್ತೀಯ?" ಎಂದ.

"ಗೊತ್ತಿಲ್ಲ ಲೂಯಿ. ತಾಂತ್ರಿಕ ಶಾಲೆಯವ್ರು ಕರೀತಿದಾರೆ, ವಾರಕ್ಕೆ ಎರಡು ದಿನ ಪಾಠ ಹೇಳ್ಕೊಡು ಅಂತ. ನಿಂತು ಮಾತಾಡೋಕೂ ಶಕ್ತಿ ಬೇಕಲ್ಲ."

"ಕೂತು ಹೇಳ್ಕೊಡು" ಎಂದ ಲೂಯಿ. "ಕುರ್ಚಿ ಕೊಡಲ್ಲ ಅಂದ್ರೆ ನನಗೆ ಹೇಳು."

ಅವಳು ಬೇಸಿಗೆಯೆಲ್ಲ ಮಲಗಿ ಸುಧಾರಿಸಿಕೊಂಡಳು. ಸೆಪ್ಟೆಂಬರಿನಲ್ಲಿ ಪಾಠ ಹೇಳಲು ತಾಂತ್ರಿಕ ಶಾಲೆಗೆ ಹೋದಳು. ಮೊದಲ ತರಗತಿಯಲ್ಲಿ ಹನ್ನೊಂದು ಜನರಿದ್ದರು, ಅವರಲ್ಲಿ ನಾಲ್ವರು ಹೆಂಗಸರು.